ಓದುಗ ಕೊಟ್ಟದ್ದೇ ಅರ್ಥವಾದರೆ, ಸತ್ಯವೇದ ಯಾರ ಮಾತು?

ಕೌಲ್‌ಬಜಾರ್_ಓದುಬಳಗ (ಬಳ್ಳಾರಿ)

ಎಲ್ಲರಿಗೂ ವಂದನೆ. ನಮ್ಮ ಕ್ರೈಸ್ತ ಸಭೆಯ ಯುವಜನರ ವಾಕ್ಯ ಅಧ್ಯಯನ ನಡೆಸುವವರಲ್ಲಿ ನಾನೂ ಒಬ್ಬ. ಹೋದ ಭಾನುವಾರ ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ 29:11 ತೆಗೆದುಕೊಂಡಿದ್ದೆವು. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಹಿತದ್ದು, ಅಹಿತದ್ದಲ್ಲ ಎಂದು ದೇವರು ಹೇಳುವ ವಾಕ್ಯ. ಹೊಸ ವರ್ಷದ ವಾಗ್ದಾನದ ಕಾರ್ಡಿನಿಂದ ಹಿಡಿದು ವಾಟ್ಸಾಪ್ ಸ್ಟೇಟಸ್‌ವರೆಗೆ ಎಲ್ಲೆಲ್ಲೂ ಇರುವಂಥದ್ದು.

ಎಂ.ಎ. ಓದುತ್ತಿರುವ ಒಬ್ಬರು ಎದ್ದು ಕೇಳಿದರು: "ಬರೆದವನ ಮನಸ್ಸಿನಲ್ಲಿ ಏನಿತ್ತೋ ನಮಗೆ ಸಿಗುವುದಿಲ್ಲ, ಅರ್ಥ ಹುಟ್ಟುವುದು ಓದುಗನಲ್ಲಿ ಅಂತ ನಮಗೆ ಪಾಠವಾಗಿದೆ. ಈ ವಾಕ್ಯ ನನಗೆ ಸರಕಾರಿ ನೌಕರಿಯ ಭರವಸೆ ಕೊಡುತ್ತದೆ ಅಂತ ನಾನು ಓದಿಕೊಂಡರೆ, ಅದು ತಪ್ಪು ಎನ್ನಲು ನಿಮಗೇನು ಅಧಿಕಾರ?"

ಇಂಥ ಪ್ರಶ್ನೆಗೆ ಸಭೆಗಳಲ್ಲಿ ಎರಡು ಉತ್ತರ ಕೇಳಿದ್ದೇನೆ. ಹಾಗೆಲ್ಲ ಕೇಳಿದರೆ ನಂಬಿಕೆ ಕೆಡುತ್ತದೆ ಎನ್ನುವುದು ಒಂದು. ದೇವರು ಒಬ್ಬೊಬ್ಬರಿಗೆ ಒಂದೊಂದು ರೀತಿ ಮಾತಾಡುತ್ತಾನೆ, ಬಿಡಿ ಎನ್ನುವುದು ಇನ್ನೊಂದು. ಮೊದಲನೆಯದು ಹುಡುಗರ ಬಾಯಿ ಮುಚ್ಚಿಸುತ್ತದೆ. ಎರಡನೆಯದು ಅವರನ್ನು ಪುಸ್ತಕದ ಜೊತೆ ಒಂಟಿಯಾಗಿ ಬಿಟ್ಟು ಹೋಗುತ್ತದೆ. ಎರಡೂ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಉತ್ತರ ಏನು? ಪಂಗಡ ಯಾವುದಾದರೂ ಇರಲಿ, ಕ್ರೈಸ್ತರಲ್ಲದವರೂ ಹೇಳಬಹುದು.

ಹಗರಿ_ದಂಡೆ (ಬಳ್ಳಾರಿ)

ಕೇಳಿದ್ದು ನಾನೇ. ಮೊಂಡುತನಕ್ಕೆ ಕೇಳಿದ್ದಲ್ಲ, ಹಾಗಾಗಿ ಹಿನ್ನೆಲೆ ಹೇಳುತ್ತೇನೆ.

ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ಲೇಖಕ ಸತ್ತ ಎಂದು ಬರೆದ. 1979ರಲ್ಲಿ ಫ್ರೆಂಚ್ ತತ್ವಜ್ಞಾನಿ ಲಿಯೋತಾರ್, ಎಲ್ಲವನ್ನೂ ಒಂದೇ ದೊಡ್ಡ ಕಥೆಯಲ್ಲಿ ವಿವರಿಸುವ ಮಹಾಕಥನಗಳ ಮೇಲೆ ನಂಬಿಕೆ ಉಳಿದಿಲ್ಲದಿರುವುದೇ ಆಧುನಿಕೋತ್ತರ ಸ್ಥಿತಿ ಎಂದ. ಇದನ್ನೆಲ್ಲ ತರಗತಿಯಲ್ಲಿ ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಅವರ ಕಾಲದಲ್ಲಿ ಮನೆಯವರು ಜೀತಕ್ಕಿದ್ದರು. ಊರಿಗೆ ಬರುತ್ತಿದ್ದ ಒಬ್ಬ ಪ್ರಸಂಗಿ ಅವರಿಗೆ ಎಫೆಸದವರಿಗೆ 6:5 ಓದುತ್ತಿದ್ದರಂತೆ: ದಾಸರೇ, ಯಜಮಾನರಿಗೆ ವಿಧೇಯರಾಗಿರಿ. ಅದೇ ಅಧ್ಯಾಯದ 9ನೇ ವಚನ ಯಜಮಾನರಿಗೆ ಬರೆದದ್ದು. ಬೆದರಿಸುವುದನ್ನು ಬಿಡಿ, ನಿಮಗೂ ಅವರಿಗೂ ಯಜಮಾನನಾಗಿರುವವನು ಪರಲೋಕದಲ್ಲಿದ್ದಾನೆ, ಆತನಲ್ಲಿ ಪಕ್ಷಪಾತವಿಲ್ಲ ಎನ್ನುತ್ತದೆ. ಅದನ್ನು ಗೌಡರ ಅಂಗಳದಲ್ಲಿ ನಿಂತು ಯಾರೂ ಓದಲಿಲ್ಲ.

"ಸತ್ಯವೇದ ಹೇಳುತ್ತದೆ" ಎಂದು ಯಾರಾದರೂ ಆರಂಭಿಸಿದ ಕೂಡಲೇ, ಈ ವಚನ ಆರಿಸಿದ್ದು ಯಾರು, ಯಾವುದನ್ನು ಬಿಟ್ಟರು, ಯಾರ ಮುಂದೆ ಓದುತ್ತಿದ್ದಾರೆ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ. ಆ ಪ್ರಶ್ನೆಗಳನ್ನು ನನಗೆ ಕೊಟ್ಟದ್ದು ಸಭೆಯಲ್ಲ, ಈ ಚಿಂತಕರು. ಅವರನ್ನು ಹೇಗೆ ಬಿಡಲಿ?

ಸಿಂಧನೂರು_ಸಭಾಪಾಲಕ

ತಮ್ಮಾ, ನಿಮ್ಮ ಅಜ್ಜಿ ವಿಷಯ ಓದಿ ಮನಸ್ಸಿಗೆ ಬಾಳ ಹತ್ತಿತು. ಹಂಗ ಓದಿದ್ದು ಪಾಪನೇ, ಅದರಾಗ ಎರಡು ಮಾತಿಲ್ಲ.

ಆದ್ರ ನಾನು ಇರೋದು ಕಾಲುವೆ ಕೊನಿ ಭಾಗದ ಹಳ್ಳಿಗಳ ನಡುವ. ನೀರು ಬರದೆ ಬೆಳಿ ಹೋದವರು, ಸಾಲಕ್ಕ ಹೆದರಿದವರು, ಕುಡತದಿಂದ ಮನಿ ಹಾಳಾದವರು ನಮ್ಮ ಸಭಾಕ್ಕ ಬರ್ತಾರ. ಅವರಾಗ ಎಷ್ಟೋ ಮಂದಿ ಓದಾಕ ಕಲತದ್ದೇ ಸತ್ಯವೇದ ಹಿಡದು. ಸಾಯೋ ಮನುಷ್ಯನ ಹಾಸಿಗಿ ಹತ್ರ ಕುಂತು ಯೋಹಾನ 14 ಓದೋವಾಗ, ಇದಕ್ಕ ಹಿಂಗೂ ಅರ್ಥ ಅದ, ಹಂಗೂ ಅರ್ಥ ಅದ ಅಂತ ಹೇಳಾಕ ಆಗಲ್ಲ. ನನ್ನ ತಂದೆಯ ಮನೆಯಲ್ಲಿ ಬಿಡಾರಗಳಿವೆ ಅಂತ ಯೇಸು ಅಂದಾನ. ಅಂದಾನೋ, ಇಲ್ಲೋ? ಅಷ್ಟೇ ಪ್ರಶ್ನಿ. ಲೇಖಕ ಸತ್ತ ಅನ್ನೋ ಮಾತು ನಮಗ ಯಾಕ ಒಪ್ಪಂಗಿಲ್ಲ ಅಂದ್ರ, ನಮ್ಮ ನಂಬಿಕಿನೇ ಮಾತಾಡಿದವನು ಸತ್ತು ಎದ್ದು ಬಂದಾನ ಅನ್ನೋದರ ಮ್ಯಾಲ ನಿಂತದ.

ಗವಿಮಠ_ರಸ್ತೆ (ಕೊಪ್ಪಳ)

ನಾನು ಕ್ರೈಸ್ತನಲ್ಲ, ಕನ್ನಡ ಪಾಠ ಮಾಡುವವನು. ಇಲ್ಲಿ ಬರೆಯಲು ಎರಡು ಕಾರಣ. ತರಗತಿಯಲ್ಲಿ ಈ ಚಿಂತಕರನ್ನು ಒಂದೊಂದು ಘೋಷಣೆಗೆ ಇಳಿಸಿ ಹೇಳಿಕೊಡುತ್ತಾರೆ, ಅದು ಸರಿಯಾಗಬೇಕು. ಮತ್ತೆ, ಅರ್ಥ ಯಾರದ್ದು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಗಳ ಬಂಡೆಗಳ ಮೇಲೇ ಒಂದು ಉತ್ತರವಿದೆ.

ಮೊದಲು ಘೋಷಣೆ. ಪಠ್ಯದ ಹೊರಗೆ ಏನೂ ಇಲ್ಲ ಎಂಬ ಫ್ರೆಂಚ್ ತತ್ವಜ್ಞಾನಿ ದೆರಿದಾನ 1967ರ ಮಾತನ್ನು, ಲೋಕವೇ ಇಲ್ಲ, ಯಾರು ಏನು ಬೇಕಾದರೂ ಓದಬಹುದು ಎಂದು ಹಲವರು ತಿಳಿದರು. ಸಂದರ್ಭದ ಹೊರಗೆ ನಿಂತು ಯಾವುದನ್ನೂ ಓದಲಾಗುವುದಿಲ್ಲ ಎನ್ನುವುದು ತನ್ನ ಮಾತಿನ ಅರ್ಥ ಎಂದು ಮುಂದೆ ಅವನೇ ಬಿಡಿಸಿ ಹೇಳಿದ. ಬಾರ್ತ್‌ನ ವಾದವೂ, ಲೇಖಕನ ಜೀವನಚರಿತ್ರೆಯನ್ನು ಹಿಡಿದು ಕೃತಿಗೆ ಕೊನೆಯ ಮುದ್ರೆ ಒತ್ತುವ ವಿಮರ್ಶೆಯ ವಿರುದ್ಧ ಎದ್ದದ್ದು. ಇಬ್ಬರೂ ಎಚ್ಚರ ಹೇಳಿದವರು. ಎಚ್ಚರವನ್ನು ಪರವಾನಗಿ ಮಾಡಿಕೊಂಡದ್ದು ನಂತರದವರು.

ಈಗ ಬಂಡೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಪೂರ್ತಿ ಓದಿದ. ಓದಲು ಬಂತು, ಮಾತಿನ ಅರ್ಥವೂ ತಿಳಿಯಿತು. ಆದರೆ ದೇವಾನಾಂಪ್ರಿಯ ಎಂದು ಕರೆದುಕೊಂಡ ಈ ರಾಜ ಯಾರು? ಮೊದಲು ಸಿಂಹಳದ ದೊರೆಯೆಂದು ಊಹಿಸಿದರು. ಪಾಲಿ ಗ್ರಂಥಗಳ ಆಧಾರದ ಮೇಲೆ ಅಶೋಕನೆಂದು ಆಮೇಲೆ ಗುರುತಿಸಿದರು. ಅದು ಶಾಸನದಲ್ಲೇ ದೃಢವಾದದ್ದು 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಗಲ್ಲಿನ ಬರಹ ಕಂಡಾಗ. ಅಲ್ಲಿ ಅಶೋಕ ಎಂಬ ಹೆಸರೇ ಇತ್ತು. ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲೂ ಆ ಹೆಸರು ಸಿಕ್ಕಿತು. ಹೇಳುತ್ತಿರುವವನು ಕಳಿಂಗದ ರಕ್ತಪಾತ ಕಂಡು ಪಶ್ಚಾತ್ತಾಪಪಟ್ಟ ಅದೇ ದೊರೆ ಎಂದು ಗೊತ್ತಾದ ಮೇಲೆ, ಧಮ್ಮದ ಬಗೆಗಿನ ಆ ಸಾಲುಗಳ ಭಾರವೇ ಬೇರೆಯಾಗುತ್ತದೆ. ನಮ್ಮ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನಲ್ಲೂ ಅದೇ ಶಾಸನದ ಪ್ರತಿಗಳಿವೆ. ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಹೇಳುವುದು ಇದನ್ನೇ: ಹೇಳಿದವನು ಯಾರೆಂಬುದು ಮಾತಿನ ಅರ್ಥಕ್ಕೆ ಸೇರಿದ್ದು.

ಆದರೆ ಸಭಾಪಾಲಕರಿಗೂ ಒಂದು ಮಾತು. ಒಗಟಿನಂತಿರುವ ಬೆಡಗಿನ ವಚನಗಳಿಗೆ ಟೀಕೆ ಬರೆದವರ ಪರಂಪರೆ ನಮ್ಮಲ್ಲಿದೆ. ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆ ಕಟ್ಟಿದರು, ಹಲವು ಬಾರಿ ಕಟ್ಟಿದರು. ಅರ್ಥ ಬೆಳೆಯಿತು. ಆದರೂ ಲಿಂಗಸುಗೂರು ಕಡೆಯ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸುವ ವಚನವನ್ನು ಹತ್ತು ಬಗೆಯಲ್ಲಿ ವಿವರಿಸಬಹುದೇ ಹೊರತು, ಕೂಡಿಡುವುದಕ್ಕೆ ಅನುಮತಿ ಎಂದು ಓದಲಾಗದು. ಅರ್ಥ ಹಲವು ಇರಬಹುದು, ಆದರೆ ಎಲ್ಲವೂ ಅರ್ಥವಲ್ಲ.

ಮುದಗಲ್_ಉಪದೇಶಿ

ಗವಿಮಠ ರಸ್ತೆಯವರ ಕೊನೆಯ ಮಾತನ್ನು ಸಂತ ಅಗಸ್ಟೀನರು ಸುಮಾರು 1600 ವರ್ಷಗಳ ಹಿಂದೆಯೇ ತಮ್ಮ ರೀತಿಯಲ್ಲಿ ಹೇಳಿದ್ದಾರೆ. ಆದಿಕಾಂಡದ ಆರಂಭವನ್ನು ಕುರಿತು ಬರೆಯುತ್ತ, ಮೋಶೆಯ ಮಾತಿನಲ್ಲಿ ಇಬ್ಬರಿಗೆ ಬೇರೆ ಬೇರೆ ಸತ್ಯ ಕಂಡರೆ ಎರಡನ್ನೂ ಯಾಕೆ ಒಪ್ಪಬಾರದು ಎಂದು ಕೇಳುತ್ತಾರೆ. ಮೋಶೆಯ ಮನಸ್ಸಿನಲ್ಲಿದ್ದದ್ದು ನನಗೆ ಮಾತ್ರ ಗೊತ್ತು ಎಂದು ಜಗಳ ತೆಗೆಯುವವರನ್ನು ಗರ್ವಿಗಳೆನ್ನುತ್ತಾರೆ. ಇನ್ನೊಂದು ಗ್ರಂಥದಲ್ಲಿ ಅಳತೆಗೋಲು ಕೊಡುತ್ತಾರೆ: ದೇವರ ಮೇಲಣ ಪ್ರೀತಿಯನ್ನೂ ನೆರೆಯವನ ಮೇಲಣ ಪ್ರೀತಿಯನ್ನೂ ಕಟ್ಟದ ವ್ಯಾಖ್ಯಾನ ಮಾಡಿದವನಿಗೆ ಗ್ರಂಥ ಇನ್ನೂ ಅರ್ಥವಾಗಿಲ್ಲ. ಜೀತದವರಿಗೆ ಅರ್ಧ ಅಧ್ಯಾಯ ಓದಿದ ಪ್ರಸಂಗಿ ಅಲ್ಲಿಗೇ ಸೋತ.

ಮಧ್ಯಯುಗದ ಸಭೆಯೂ ಒಂದೇ ಅರ್ಥಕ್ಕೆ ಅಂಟಿಕೊಂಡಿರಲಿಲ್ಲ. ಅಕ್ಷರಾರ್ಥ, ರೂಪಕಾರ್ಥ, ನೀತಿ, ಅಂತ್ಯದ ನಿರೀಕ್ಷೆ ಎಂದು ನಾಲ್ಕು ನೆಲೆಗಳಲ್ಲಿ ಓದುತ್ತಿದ್ದರು. ವಾಕ್ಯಕ್ಕೆ ಒಂದೇ ನೇರ ಅರ್ಥ, ಯಾವ ಪಕ್ಷಪಾತವೂ ಇಲ್ಲದವನಿಗೆ ಅದು ಕಾಣುತ್ತದೆ ಎನ್ನುವ ಧೋರಣೆ ಆಧುನಿಕ ಯುಗದ್ದು. ಆಧುನಿಕೋತ್ತರ ಚಿಂತನೆ ಬಡಿದದ್ದು ಆ ಧೋರಣೆಗೆ. ಆ ಏಟು ನಮ್ಮ ನಂಬಿಕೆಗೆ ಬಿತ್ತು ಎಂದುಕೊಂಡು ನಾವು ಬೆದರಬೇಕಿಲ್ಲ.

ನಮ್ಮ ಕಥೋಲಿಕ ಸಭೆಯ ಮಟ್ಟಿಗೆ, 1965ರ ವ್ಯಾಟಿಕನ್ ಸಭೆಯ ದಸ್ತಾವೇಜು ಎರಡನ್ನೂ ಕೇಳುತ್ತದೆ. ಮೂಲ ಬರಹಗಾರ ತನ್ನ ಕಾಲದಲ್ಲಿ ಏನು ಹೇಳಹೊರಟ ಎಂದು ಶೋಧಿಸಿ. ಬರೆಯಿಸಿದ ಅದೇ ಆತ್ಮನಲ್ಲಿ, ಇಡೀ ಗ್ರಂಥದ ಐಕ್ಯದಲ್ಲಿ ಓದಿ. 1993ರಲ್ಲಿ ಬೈಬಲ್ ಆಯೋಗ ಹೊರಡಿಸಿದ ದಸ್ತಾವೇಜು ವಿಮೋಚನಾ ಓದು, ಸ್ತ್ರೀವಾದಿ ಓದುಗಳನ್ನೂ ಗಂಭೀರವಾಗಿ ಪರಿಶೀಲಿಸಿತು. ಅದರ ಅತ್ಯಂತ ಕಟುವಾದ ಟೀಕೆ ಇದ್ದದ್ದು ಮೂಲಭೂತವಾದಿ ಓದಿನ ಮೇಲೆ.

ದೇವದುರ್ಗದವ

ಬೆಂಗಳೂರಿನಲ್ಲಿ ದೈವಶಾಸ್ತ್ರ ಓದುತ್ತಿದ್ದೇನೆ, ಊರು ದೇವದುರ್ಗ ತಾಲೂಕು. ಹಗರಿ ದಂಡೆಯವರ ಸಿಟ್ಟು ನನ್ನದೂ ಹೌದು. ನಮ್ಮ ಕಡೆಯ ಸಭೆಗಳಲ್ಲಿ ಬಹುಪಾಲು ದಲಿತ ಮನೆಗಳವರು, ಆ ಸಿಟ್ಟು ಎಲ್ಲರ ಮನೆಯಲ್ಲೂ ಇದೆ. ಆದರೆ ಅರ್ಥವೆಲ್ಲ ಓದುಗನ ಕೈಯಲ್ಲಿದೆ ಎನ್ನುವ ಸಿದ್ಧಾಂತ ನಮಗೆ ಉಪಕಾರ ಮಾಡುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

1807ರಲ್ಲಿ ಲಂಡನ್‌ನಲ್ಲಿ ಒಂದು ಬೈಬಲ್ ಅಚ್ಚಾಯಿತು, ವೆಸ್ಟ್ ಇಂಡೀಸ್ ದ್ವೀಪಗಳ ಬ್ರಿಟಿಷ್ ತೋಟಗಳ ಗುಲಾಮರಿಗಾಗಿ. ಅದರಲ್ಲಿ ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾಗಿ ಹೊರಟ ಕಥೆಯಿಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎನ್ನುವ ಗಲಾತ್ಯದವರಿಗೆ 3:28 ಇಲ್ಲ. ಹಳೆಯ ಒಡಂಬಡಿಕೆಯ ಬಹುಭಾಗವೇ ಇಲ್ಲ. ದಾಸರೇ ವಿಧೇಯರಾಗಿರಿ ಎನ್ನುವ ವಚನ ಮಾತ್ರ ಹಾಗೇ ಇದೆ.

ಕತ್ತರಿ ಯಾಕೆ ಬೇಕಾಯಿತು? ಪಠ್ಯ ಓದುಗ ಹೇಳಿದಂತೆ ಕೇಳುವುದಾದರೆ, ವ್ಯಾಖ್ಯಾನದ ಹಕ್ಕು ಇದ್ದದ್ದು ಆ ಯಜಮಾನರ ಕೈಯಲ್ಲೇ. ಆ ಬಿಡುಗಡೆಯ ಕಥೆಯಿರುವ ವಿಮೋಚನಕಾಂಡವನ್ನೂ ತಮಗೆ ಬೇಕಾದಂತೆ ವಿವರಿಸಿಬಿಡಬಹುದಿತ್ತು. ಅದು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗುಲಾಮನ ಕೈಗೆ ಆ ಕಥೆ ಸಿಕ್ಕರೆ ಯಾವ ಪಾದ್ರಿ ಏನು ಹೇಳಿದರೂ ಅದು ತನ್ನ ಮಾತನ್ನೇ ಆಡುತ್ತದೆ ಎಂಬ ಭಯ ಅವರಿಗಿತ್ತು. ನಮ್ಮವರಿಗೆ ಬೇಕಾದದ್ದು ಯಜಮಾನನಿಗೂ ಬಗ್ಗದೆ ನಿಲ್ಲುವ ಪಠ್ಯ. ಅರ್ಥವೆಲ್ಲ ಓದುಗನದ್ದೇ ಎಂದುಬಿಟ್ಟರೆ, ಗೆಲ್ಲುವುದು ಯಾವಾಗಲೂ ಹೆಚ್ಚು ಬಲವಿರುವ ಓದುಗ.

ಅನುಮಾನವೂ ಬೇಕು. ಅಮೆರಿಕದ ಕಪ್ಪು ಜನರ ನಡುವಿನ ದೈವಶಾಸ್ತ್ರಜ್ಞ ಹೊವರ್ಡ್ ಥರ್ಮನ್ ತಮ್ಮ ಅಜ್ಜಿಯ ಬಗ್ಗೆ ಬರೆದಿದ್ದಾರೆ. ಆಕೆ ಹುಟ್ಟಿದ್ದು ಗುಲಾಮಗಿರಿಯಲ್ಲಿ, ಓದಲು ಬರುತ್ತಿರಲಿಲ್ಲ, ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುತ್ತಿದ್ದರು. ಪೌಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ, ಕೊರಿಂಥದವರಿಗೆ ಬರೆದ ಪ್ರೀತಿಯ ಅಧ್ಯಾಯವೊಂದನ್ನು ಬಿಟ್ಟು. ಯಜಮಾನನ ಪಾದ್ರಿ ಪೌಲನನ್ನು ಬಳಸಿದ ರೀತಿ ಅಷ್ಟು ಗಾಯ ಮಾಡಿತ್ತು. ಆಕೆ ಮಾಡಿದ್ದನ್ನು ನಾನು ಅವಿಶ್ವಾಸ ಎನ್ನಲಾರೆ.

ನಮ್ಮಲ್ಲಿ 1980ರ ದಶಕದಲ್ಲಿ ಅರವಿಂದ ನಿರ್ಮಲ್ ಅವರು ದಲಿತ ದೈವಶಾಸ್ತ್ರಕ್ಕೆ ಧರ್ಮೋಪದೇಶಕಾಂಡ 26ರ ಅರಿಕೆಯನ್ನು ಆಧಾರ ಮಾಡಿಕೊಂಡರು. ಗತಿಯಿಲ್ಲದೆ ಅಲೆಯುತ್ತಿದ್ದ ಅರಾಮ್ಯನು ನನ್ನ ಮೂಲಪಿತೃ ಎಂದು ಬೆಳೆಯ ಪ್ರಥಮಫಲ ಹಿಡಿದು ನಿಂತವನು ಹೇಳುವ ಮಾತು. ನೀನು ಯಾರ ಮಗ ಎಂಬುದನ್ನು ಮರೆಯದೆ ದೇವರ ಮುಂದೆ ನಿಲ್ಲು ಎನ್ನುತ್ತದೆ ಆ ವಾಕ್ಯ. ಓದುಗನ ನೆಲೆಗೆ ಸ್ವತಃ ಸತ್ಯವೇದವೇ ಅಷ್ಟು ಜಾಗ ಕೊಟ್ಟಿದೆ.

ಕುಷ್ಟಗಿ_ಶಿಕ್ಷಕಿ

ಒಂದು ಉದಾಹರಣೆ ಹೇಳಿ ಹೋಗುತ್ತೇನೆ. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರ ಜೊತೆ ನಮ್ಮ ಭಾಗದಲ್ಲಿ ಕೆಲಸ ಮಾಡಿದ್ದೇನೆ. ಕಾನೂನು 1982ರಲ್ಲೇ ಬಂದಿದ್ದರೂ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ಗುಂಪಿನಲ್ಲಿ ಯೋಹಾನ 4, ಸಮಾರ್ಯದ ಹೆಂಗಸಿನ ಕಥೆ ಓದಿದೆವು. ಐದು ಮಂದಿ ಗಂಡಂದಿರಿದ್ದರು, ಈಗಿರುವವನು ಗಂಡನಲ್ಲ ಎಂದು ಯೇಸು ಹೇಳುವ ಸಾಲು ಬಂತು. ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಆಕೆ ನಡತೆಗೆಟ್ಟವಳು, ಅದಕ್ಕೇ ಉರಿಬಿಸಿಲಲ್ಲಿ ಒಬ್ಬಳೇ ನೀರಿಗೆ ಬಂದಳು ಎಂದೇ ಇರುತ್ತಿತ್ತು.

ಒಬ್ಬ ತಾಯಿ ಕೇಳಿದರು: "ಐದು ಮಂದಿ ಬಿಟ್ಟು ಹೋದರೋ, ಸತ್ತರೋ? ಅಕಿನೇ ಬಿಟ್ಟಳು ಅಂತ ಎಲ್ಲಿ ಐತಿ?"

ಎಲ್ಲಿಯೂ ಇಲ್ಲ. ಆ ಕಾಲದ ಆ ಸಮಾಜದಲ್ಲಿ ವಿಚ್ಛೇದನ ಗಂಡಸಿನ ಕೈಯಲ್ಲಿತ್ತು. ಪಾಪ ಎಂಬ ಮಾತು ಆ ಸಂಭಾಷಣೆಯಲ್ಲಿ ಬರುವುದೇ ಇಲ್ಲ. ಹೋಗು, ಇನ್ನು ಪಾಪಮಾಡಬೇಡ ಎಂದು ಯೇಸು ಬೇರೊಂದು ಕಡೆ ಹೇಳಿದ್ದುಂಟು, ಈಕೆಗೆ ಹೇಳಲಿಲ್ಲ. ಆರಾಧನೆ ಎಲ್ಲಿ ನಡೆಯಬೇಕು ಎಂಬ ದೊಡ್ಡ ಪ್ರಶ್ನೆಯನ್ನು ಆಕೆಯ ಜೊತೆ ಚರ್ಚಿಸುತ್ತಾನೆ, ತಾನು ಮೆಸ್ಸೀಯನೆಂದು ಆಕೆಗೆ ಬಾಯಿಬಿಟ್ಟು ಹೇಳುತ್ತಾನೆ. ಊರಿನ ಅನೇಕರು ನಂಬಿದ್ದು ಆಕೆಯ ಸಾಕ್ಷಿಯಿಂದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆಕೆಯನ್ನು ಫೋಟಿನಿ ಎಂಬ ಹೆಸರಿನಲ್ಲಿ ಸಂತಳೆಂದು, ಅಪೊಸ್ತಲರಿಗೆ ಸಮಾನಳೆಂದು ಗೌರವಿಸುತ್ತವೆ.

ಆ ತಾಯಿ ತಮ್ಮ ಬದುಕನ್ನು ಪಠ್ಯಕ್ಕೆ ಹೊರಗಿನಿಂದ ತುರುಕಲಿಲ್ಲ. ಪಠ್ಯದಲ್ಲಿ ಇಲ್ಲದ್ದನ್ನು ನಾವು ತುರುಕಿದ್ದೆವು. ಅವರ ಬದುಕು ಅವರಿಗೆ ಅದನ್ನು ಕಾಣುವ ಕಣ್ಣು ಕೊಟ್ಟಿತ್ತು.

ಕೌಲ್‌ಬಜಾರ್_ಓದುಬಳಗ

ಇದನ್ನು ಓದಿದ ಮೇಲೆ ನನ್ನ ನಿಲುವು ಹೇಳಬಹುದು ಅನ್ನಿಸುತ್ತಿದೆ. ಅನುಮಾನ ಬೇಕು, ಆದರೆ ಅದು ಮೊದಲು ಹಿಡಿಯಬೇಕಾದದ್ದು ಓದುತ್ತಿರುವ ನನ್ನನ್ನು. ಮಾತಾಡುತ್ತಿರುವವನನ್ನು ಕೇಳಿಸಿಕೊಳ್ಳುವ ಮೊದಲೇ ಅವನನ್ನು ಹೊರಹಾಕಲು ಅನುಮಾನವನ್ನು ಬಳಸಬಾರದು. ಮಾತಿನ ಹಿಂದೆ ಅಡಗಿರುವುದನ್ನು ಹುಡುಕುವ ಅನುಮಾನದ ಓದಿಗೆ ಹೆಸರು ಕೊಟ್ಟ ಫ್ರೆಂಚ್ ತತ್ವಜ್ಞಾನಿ ಪಾಲ್ ರಿಕೋರ್ ಸ್ವತಃ ನಂಬಿಕೆಯ ಪ್ರಾಟೆಸ್ಟಂಟ್. ಮಾರ್ಕ್ಸ್, ನೀಚೆ, ಫ್ರಾಯ್ಡ್ ಮೂವರನ್ನೂ ಹಾದು ಹೋಗಿ, ಅದರಾಚೆ ಮತ್ತೆ ಕಿವಿಗೊಡುವುದು ಸಾಧ್ಯ ಎಂದು ಅವರು ತೋರಿಸಿದರು. ಅಮೆರಿಕದ ದೈವಶಾಸ್ತ್ರಜ್ಞ ಕೆವಿನ್ ವ್ಯಾನ್‌ಹೂಜರ್ 1998ರಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಹಿಡಿದರು. ಮಾತು ಎಂದರೆ ಬರಿಯ ಅಕ್ಷರವಲ್ಲ, ಒಬ್ಬರು ಇನ್ನೊಬ್ಬರಿಗೆ ಮಾಡುವ ಕ್ರಿಯೆ, ಭರವಸೆ, ಆಜ್ಞೆ, ಎಚ್ಚರಿಕೆ. ಹಾಗಾಗಿ ಓದುಗನಿಗೂ ಹೊಣೆಯಿದೆ ಎಂಬುದು ಅವರ ವಾದ.

ಯೆರೆಮೀಯ 29ಕ್ಕೇ ಇದನ್ನು ಹಚ್ಚಿ ನೋಡೋಣ. ಅದು ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿದ್ದ. ಯೆರೆಮೀಯ ಇಲ್ಲ ಎನ್ನುತ್ತಾನೆ, 70 ವರ್ಷ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮ ಹಾರೈಸಿ. ಆಮೇಲೆ ಬರುವುದು 11ನೇ ವಚನ. ಅದು "ನಿಮ್ಮ" ವಿಷಯ, ಒಂದಿಡೀ ಜನಾಂಗದ ವಿಷಯ. ಬೇಗ ನೌಕರಿ ಸಿಗುತ್ತದೆ ಎಂಬ ಓದು ಹನನ್ಯನ ಪಕ್ಷಕ್ಕೆ ಹೋಗಿ ನಿಲ್ಲುತ್ತದೆ. ಅದು ತಪ್ಪು ಎನ್ನಲು ನನಗೆ ಅಧಿಕಾರ ಬೇಕಾಗಿಲ್ಲ, ಪತ್ರವೇ ಹಾಗೆನ್ನುತ್ತದೆ.

ಆದರೆ ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಗುಳೆ ಹೋಗಿ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿರುವ ಕುಟುಂಬ ಈ ಪತ್ರ ಓದಿದರೆ? ಮನೆ ಕಟ್ಟಿಕೊಳ್ಳಿ ಎಂಬ ಮಾತು, ಊರಿಗೆ ಮರಳುವ ದಿನ ದೂರವಿದ್ದರೂ ದೇವರು ನಿಮ್ಮ ಜೊತೆ ಇದ್ದಾನೆ ಎಂಬ ಮಾತು, ಅವರಿಗೆ ನನಗಿಂತ ಹತ್ತಿರ. ಪತ್ರ ಬರೆದ ಕಾಲದ ಓದುಗರ ಸ್ಥಿತಿ ಅವರದ್ದೂ ಹೌದು. ಅವರ ಓದು ಹೊಸದು, ಆದರೂ ಪತ್ರದ ಮೇರೆ ಮೀರಿಲ್ಲ. ಜರ್ಮನ್ ತತ್ವಜ್ಞಾನಿ ಗಾಡಮರ್ 1960ರಲ್ಲಿ ಪಠ್ಯದ್ದು, ಓದುಗನದ್ದು ಎಂಬ ಎರಡು ದಿಗಂತಗಳು ಕೂಡುವುದು ಎಂದದ್ದು ಇಂಥದ್ದನ್ನೇ ಎಂದು ನನ್ನ ತಿಳಿವಳಿಕೆ.

ಹಗರಿ_ದಂಡೆ

ಹನನ್ಯನ ವಿಷಯ ಒಪ್ಪಿದೆ. ಕತ್ತರಿಸಿದ ಬೈಬಲಿನ ವಿಷಯ ಗೊತ್ತಿರಲಿಲ್ಲ, ಅದು ನನ್ನ ವಾದದ ಬುಡವನ್ನೇ ಅಲುಗಿಸಿದೆ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಎರಡು ಸಭೆಗಳು ಪ್ರಾಮಾಣಿಕವಾಗಿ ಓದಿ ಎರಡು ಬೇರೆ ತೀರ್ಮಾನಕ್ಕೆ ಬಂದರೆ ತೀರ್ಪು ಯಾರದ್ದು? ಮುದಗಲ್‌ನವರಿಗೆ ರೋಮ್ ಇದೆ. ನಮಗೆ?

ಸಿಂಧನೂರು_ಸಭಾಪಾಲಕ

ಪವಿತ್ರಾತ್ಮ ಅದಾನ ಅಂತ ನಾನು ಹೇಳ್ತೀನಿ. ಆದ್ರ ಎರಡೂ ಕಡಿಯವರೂ ಅದನ್ನೇ ಹೇಳ್ತಾರ, ಅದೂ ಖರೇ.

ದೇವದುರ್ಗದವ

ಅಪೊಸ್ತಲರ ಕೃತ್ಯಗಳು 15 ನೋಡಿ. ನಂಬಿದ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಆಗಲೇಬೇಕು ಎಂದವರ ಕೈಯಲ್ಲಿ ಸ್ಪಷ್ಟವಾದ ವಾಕ್ಯವೇ ಇತ್ತು. ಆದಿಕಾಂಡ 17 ಅದನ್ನು ಶಾಶ್ವತ ಒಡಂಬಡಿಕೆ ಎನ್ನುತ್ತದೆ. ಸಭೆ ಸೇರಿತು, ಬಹಳ ವಾದ ನಡೆಯಿತು. ಅನ್ಯಜನರವನಾದ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಂಡ ಪೇತ್ರ ಅದನ್ನು ನೆನಪಿಸಿದ. ಬಾರ್ನಬನೂ ಪೌಲನೂ ಅನ್ಯಜನರ ನಡುವೆ ದೇವರು ಮಾಡಿದ್ದನ್ನು ವಿವರಿಸಿದರು, ಕೂಟದವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಯಾಕೋಬ ಪ್ರವಾದಿ ಆಮೋಸನ ಗ್ರಂಥ ತೆಗೆದ. ಕಂಡದ್ದರ ಬೆಳಕಿನಲ್ಲಿ ವಾಕ್ಯ ಓದಿದರು, ವಾಕ್ಯದ ಬೆಳಕಿನಲ್ಲಿ ಕಂಡದ್ದನ್ನು ಪರೀಕ್ಷಿಸಿದರು. ಪವಿತ್ರಾತ್ಮನಿಗೂ ನಮಗೂ ಸರಿತೋರಿತು ಎಂದು ಪತ್ರ ಬರೆದರು. ಒಬ್ಬನ ತೀರ್ಪಲ್ಲ, ಒಬ್ಬೊಬ್ಬನ ಇಷ್ಟವೂ ಅಲ್ಲ. ನನಗೆ ಇದರಲ್ಲಿ ಕೊರತೆಯಾಗಿ ಕಾಣುವುದು ಒಂದೇ: ವಾದ ಯಾರ ಬಗ್ಗೆ ನಡೆಯಿತೋ ಆ ಅನ್ಯಜನರು ಅಲ್ಲಿ ಮಾತಾಡಿದ್ದು ದಾಖಲಾಗಿಲ್ಲ. ನಮ್ಮ ಅಧ್ಯಯನಗಳಲ್ಲಿ ಅವರೂ ಕೂತಿರಬೇಕು, ಕುಷ್ಟಗಿಯ ಆ ತಾಯಿಯಂಥವರು.

ಕೌಲ್‌ಬಜಾರ್_ಓದುಬಳಗ

ಬರುವ ಭಾನುವಾರ ಪೌಲ ಫಿಲೆಮೋನನಿಗೆ ಬರೆದ ಪತ್ರ ಓದುತ್ತೇವೆ, ಅವನ ದಾಸ ಒನೇಸಿಮನ ಕಡೆಯಿಂದ ನಿಂತು. ಹಗರಿ ದಂಡೆಯವರು ನಡೆಸಿಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಸಿಂಧನೂರು_ಸಭಾಪಾಲಕ

ನಾವೂ ಇಲ್ಲಿ ಅದನ್ನೇ ಓದಸ್ತೀವಿ. ಈಗ ಕುಂತು ಪತ್ರ ಪೂರಾ ಓದಿದೆ. ಒಂದು ಕೇಳ್ತೀನಿ, ಒನೇಸಿಮ ಓಡಿಹೋದ ದಾಸ ಅಂತ ನಾವೆಲ್ಲ ಹೇಳ್ತೀವಿ, ಪತ್ರದಾಗ ಅದು ಎಲ್ಲಿ ಅದ?

ಮುದಗಲ್_ಉಪದೇಶಿ

ನೇರವಾಗಿ ಎಲ್ಲೂ ಇಲ್ಲ. 15ನೇ ವಚನ ಸ್ವಲ್ಪ ಕಾಲ ಅಗಲಿದ್ದ ಎನ್ನುತ್ತದೆ. 18ನೇ ವಚನ, ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ ಎನ್ನುತ್ತದೆ. ಓಡಿಹೋದವನು ಎಂಬ ಓದು ನಾಲ್ಕನೇ ಶತಮಾನದ ಸಂತ ಕ್ರಿಸೋಸ್ತೊಮರ ಕಾಲಕ್ಕಾಗಲೇ ಇತ್ತು. ಈಗಿನ ಪಂಡಿತರಲ್ಲಿ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅಧ್ಯಯನದಲ್ಲಿ 2ನೇ ವಚನವನ್ನೂ ಬಿಡದೆ ಓದಿಸಿ. ಪತ್ರ ಫಿಲೆಮೋನನೊಬ್ಬನಿಗೆ ಬಂದದ್ದಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ ಬಂದದ್ದು. ಇನ್ನು ಮೇಲೆ ಅವನು ದಾಸನಂತಲ್ಲ, ಪ್ರಿಯ ಸಹೋದರ ಎಂಬ 16ನೇ ವಚನ ಆ ಸಭೆಯವರಿಗೆಲ್ಲ ಕೇಳಿಸಲೆಂದೇ ಬರೆದದ್ದು. 22ರಲ್ಲಿ, ನನಗೂ ಇಳಿದುಕೊಳ್ಳಲು ಸ್ಥಳ ಸಿದ್ಧಮಾಡು, ಬರುತ್ತೇನೆಂಬ ನಿರೀಕ್ಷೆಯಿದೆ ಎಂದು ಪೌಲ ಸೇರಿಸುತ್ತಾನೆ. ಬಂದು ನೋಡುವವನಿದ್ದ.